ಸಾವಿರದ ಐನೂರು ತಲೆಗಳ ವೈದ್ಯ

ಭೂಮಂಡಲದಲ್ಲಿ ಜನವಸತಿಯುಳ್ಳ ದೇಶಗಳನ್ನೆಲ್ಲ ಹುಡುಕಿದರೂ ತಲೆಗೆ ಬೀಳುವ ಪೆಟ್ಟುಗಳನ್ನು ಅಭ್ಯಾಸಮಾಡುವುದಕ್ಕೆ ಐರ್ಲೆಂಡಿನಷ್ಟು ಪ್ರಶಸ್ತವಾದ ಕ್ಷೇತ್ರ ಬೇರೊಂದು ಸಿಕ್ಕದು, ಐರ್ಲೆಂಡಿನಲ್ಲಿಯೂ ಮನ್‌ಸ್ಟರ್ ಪ್ರಾಂತಕ್ಕೆ ಸಾಟಿಯಾದುದು ಇಲ್ಲವೇ ಇಲ್ಲ ಎಂಬ ಅಭಿಪ್ರಾಯವನ್ನು, 1793ರಲ್ಲಿ ಡಬ್ಲಿನ್ ನಗರದಲ್ಲಿ ಅಚ್ಚಾದ ಒಂದು ವೈದ್ಯಗ್ರಂಥದ ಕರ್ತೃ ಸಂಕೋಚವೇನೂ ಇಲ್ಲದೆ, ಹೆಚ್ಚುಕಡಿಮೆ ಹೆಮ್ಮೆಯಿಂದಲೇ ಮಂಡಿಸಿದ್ದಾನೆ. ಅದಕ್ಕೆ ಆತ ಕೊಡುವ ಕಾರಣಗಳೂ ಸ್ವಾರಸ್ಯವಾಗಿವೆ: ತನ್ನ ನಾಡಿನವರು ಶೂರರು, ಬೇಗ ಕೆರಳುವವರು, ಕಡ್ಡಿಯಷ್ಟು ಮಾತು ಗುಡ್ಡವಾಗುವುದಕ್ಕೆ ಅವರಲ್ಲಿ ಹೊತ್ತು ಹಿಡಿಯದು, ದೊಣ್ಣೆಯೋ ಕಲ್ಲೋ, ಕೈಗೆ ಸಿಕ್ಕಿದ್ದನ್ನು ಒಬ್ಬರಿಗೊಬ್ಬರು ಉದಾರವಾಗಿ ಹಂಚಿಕೊಳ್ಳುವರು, ಇದೆಲ್ಲದರ ಮೇಲೆ ವಿಸ್ಕಿಯ ಪ್ರಭಾವ ಬೇರೆ. ಮೇ ತಿಂಗಳ ಒಂದೇ ಬೆಳಗಿನಲ್ಲಿ ನಾಲ್ಕು ಒಡೆದ ಬುರುಡೆಗಳಿಗೆ ಶಸ್ತ್ರಕ್ರಿಯೆ ನಡೆಸಬೇಕಾಗಿ ಬಂದುದುಂಟೆಂದು ಆತ ಬರೆಯುತ್ತಾನೆ. ಗ್ರಂಥದ ಹೆಸರಿನಲ್ಲಿಯೇ ಲೆಕ್ಕವಿದೆ: 1500ಕ್ಕೂ ಮೇಲ್ಪಟ್ಟ ಪ್ರಸಂಗಗಳಿಂದ ಆರಿಸಿ ತೆಗೆದ 85 ಪ್ರಸಂಗಗಳು. ಆ ಕಾಲಕ್ಕೆ ಗ್ರಂಥಕರ್ತೃವಿಗೆ ಅರವತ್ತನಾಲ್ಕು ವರ್ಷ ವಯಸ್ಸು. ಲಿಮೆರಿಕ್ ಎಂಬ ಬಂದರುಪಟ್ಟಣದಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಶಸ್ತ್ರವೈದ್ಯವೃತ್ತಿಯಲ್ಲಿ ಪಳಗಿದವನು. ಹೆಸರು ಸಿಲ್ವೆಸ್ಟರ್ ಓಹ್ಯಾಲರನ್.

1728ರ ಡಿಸೆಂಬರ್ 31ರಂದು, ಶಾನನ್ ನದಿಯ ಆಚೆದಡದಲ್ಲಿ ಲಿಮೆರಿಕ್ಕಿಗೆ ಅಂಟಿಕೊಂಡಂತಿದ್ದ ಕಾಹರ್‌ಡ್ಯಾವಿನ್ ಎಂಬಲ್ಲಿ ಒಂದು ಕ್ಯಾಥಲಿಕ್ ಕುಟುಂಬದಲ್ಲಿ ಆತ ಹುಟ್ಟಿದನು. ಆ ಊರಿನಲ್ಲಿ, ಆ ಮತದಲ್ಲಿ, ಆ ಕಾಲದಲ್ಲಿ ಹುಟ್ಟುವುದೆಂದರೆ ಸೋತವರ ಮನೆಯಲ್ಲಿ ಹುಟ್ಟುವುದು. 1691ರಲ್ಲಿ ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ದೊರೆ ವಿಲಿಯಮ್ಮನ ಸೈನ್ಯ ಲಿಮೆರಿಕ್ಕನ್ನು ಮುತ್ತಿ, ಕೊನೆಗೆ ಒಂದು ಒಡಂಬಡಿಕೆಯ ಮೇಲೆ ಊರನ್ನು ವಶಪಡಿಸಿಕೊಂಡಿತ್ತು. ಕ್ಯಾಥಲಿಕರಿಗೆ ಆ ಒಡಂಬಡಿಕೆಯಲ್ಲಿ ಕೊಟ್ಟ ಭರವಸೆಗಳ ಮಸಿ ಆರುವುದಕ್ಕೆ ಮುಂಚೆಯೇ ದಂಡಶಾಸನಗಳೆಂಬ ಕಾನೂನುಗಳ ಸರಮಾಲೆ ಹೊರಟು, ಕ್ಯಾಥಲಿಕನು ಭೂಮಿಯನ್ನು ಕೊಳ್ಳಕೂಡದು, ಶಾಲೆ ನಡೆಸಕೂಡದು, ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆಯನ್ನು ಇಟ್ಟುಕೊಳ್ಳಕೂಡದು ಎಂದು ನಿಷೇಧದ ಮೇಲೆ ನಿಷೇಧ ಹೇರಿದುವು. ದೇಶಕ್ಕೆಲ್ಲ ಇದ್ದ ಒಂದೇ ವಿಶ್ವವಿದ್ಯಾನಿಲಯವಾದ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಪದವಿ ಪಡೆಯುವ ಹಕ್ಕು ಕ್ಯಾಥಲಿಕರಿಗೆ ದೊರೆತದ್ದು 1793ರಲ್ಲಿ, ಅಂದರೆ ನಮ್ಮ ಶಸ್ತ್ರವೈದ್ಯನ ತಲೆಗಾಯದ ಪುಸ್ತಕ ಹೊರಬಂದ ವರ್ಷದಲ್ಲಿ.

ಆದರೂ ಬಾಲಕನಿಗೆ ವಿದ್ಯೆಗೆ ಕೊರತೆಯಾಗಲಿಲ್ಲ. ತಾಯಿಯ ಕಡೆಯ ಬಂಧುವಾದ ಶಾನ್ ಕ್ಲಾರಖ್ ಮ್ಯಾಕ್‌ಡೊನೆಲ್ ಮನ್‌ಸ್ಟರಿನ ಕವಿಗಳಲ್ಲಿ ಅಗ್ರಗಣ್ಯನೆಂದು ಹೆಸರಾದವನು, ದೇಶಭ್ರಷ್ಟನಾದ ಸ್ಟುವರ್ಟ್ ರಾಜವಂಶ ಮರಳಿ ಬಂದೀತೆಂದು ಐರಿಷ್ ಭಾಷೆಯಲ್ಲಿ ಹಾಡುಕಟ್ಟಿದವನು. ಐರಿಷ್ ಭಾಷೆಯನ್ನೂ ಪ್ರಾಚೀನ ಕಾವ್ಯದ ರುಚಿಯನ್ನೂ ಹುಡುಗನಿಗೆ ಹಚ್ಚಿದವನು ಅವನೇ. ಮಿಕ್ಕ ಪಾಠ ಲಿಮೆರಿಕ್ಕಿನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಯೊಬ್ಬ ನಡೆಸುತ್ತಿದ್ದ ಶಾಲೆಯಲ್ಲಿ ಆಯಿತು. ಕಾನೂನಿನ ಪುಸ್ತಕದಲ್ಲಿ ಇದ್ದಷ್ಟು ಕ್ರೌರ್ಯ ಬೀದಿಯಲ್ಲಿ ಯಾವಾಗಲೂ ಇರುತ್ತಿರಲಿಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ. ಒಬ್ಬ ಅಣ್ಣ ಜೆಸ್ಯುಯಿಟ್ ಸಂನ್ಯಾಸಿಯಾಗಿ ಫ್ರಾನ್ಸಿನ ಬೋರ್ಡೋದಲ್ಲಿ ಅಧ್ಯಾಪಕನಾದನು; ಇನ್ನೊಬ್ಬ ಸೋದರನು ಒಡವೆಯ ವ್ಯಾಪಾರಕ್ಕಿಳಿದನು; ಸಿಲ್ವೆಸ್ಟರನು ಶಸ್ತ್ರವೈದ್ಯವನ್ನು ಕಲಿಯಲೆಂದು ಹದಿಹರೆಯದಲ್ಲಿಯೇ ಹೊರಟು, ಲಂಡನ್, ಲೈಡನ್, ಪ್ಯಾರಿಸ್ ನಗರಗಳಲ್ಲಿ ಅಭ್ಯಾಸ ಮುಗಿಸಿ, ಇಪ್ಪತ್ತು ತುಂಬಿದ ಹೊಸದರಲ್ಲಿ, 1749ರಲ್ಲಿ ಊರಿಗೆ ಮರಳಿದನು.

ಕ್ಯಾಥಲಿಕನೊಬ್ಬ ಈ ವೃತ್ತಿಯನ್ನು ಹಿಡಿಯುವುದು ಹೇಗೆ ಸಾಧ್ಯವಾಯಿತೆಂದು ಓದುಗರಿಗೆ ಸಂದೇಹ ಬರಬಹುದು. ಕಾರಣ ಸರಳವಾದುದು, ಸ್ವಲ್ಪ ವಿಷಾದಕರವೂ ಆದುದು. ಶಸ್ತ್ರವೈದ್ಯಕ್ಕೆ ಅಂದು ಪದವಿಯೇ ಬೇಕಾಗಿರಲಿಲ್ಲ. ಔಷಧವೈದ್ಯನು ಲ್ಯಾಟಿನ್ ಓದಿದ ಪಂಡಿತ, ನಾಡಿ ಹಿಡಿದು ಮದ್ದು ಬರೆದುಕೊಡುವ ಮಹನೀಯ, ಶಸ್ತ್ರವೈದ್ಯನಾದರೋ ಕೈಕೆಲಸದವನು. ಡಬ್ಲಿನ್ನಿನಲ್ಲಿ 1446ರಲ್ಲಿ ಆರನೆಯ ಹೆನ್ರಿಯ ಸನದು ಪಡೆದ ಕ್ಷೌರಿಕರ ಸಂಘದೊಳಗೆ ಶಸ್ತ್ರವೈದ್ಯರೂ ಸೇರಿದ್ದರು; ಕಾಲಕ್ರಮದಲ್ಲಿ ಔಷಧ ಮಾರುವವರೂ ಕೃತಕಕೇಶದ ಟೋಪನ್ನು ಕಟ್ಟುವವರೂ ಅದೇ ಸಂಘಕ್ಕೆ ಬಂದು ಕುಳಿತರು. ಬಾಗಿಲೇ ಇಲ್ಲದ ಮನೆಗೆ ಬೀಗ ಹಾಕುವವರಾರು? ಈ ಅಗೌರವದ ಸಂದಿಯಲ್ಲಿಯೇ ಓಹ್ಯಾಲರನ್ನನಂಥವರಿಗೆ ಒಳಕ್ಕೆ ದಾರಿ ಸಿಕ್ಕಿತು. ಒಳಗೆ ಬಂದಮೇಲೆ ಆತ ಮಾಡಿದ ಮೊದಲ ಕೆಲಸಗಳಲ್ಲೊಂದು ಆ ಮನೆಗೆ ಬಾಗಿಲಿರಬೇಕೆಂದು ವಾದಿಸಿದುದು. ಅದರ ವಿಷಯ ಮುಂದೆ.

ಊರಿಗೆ ಬಂದ ಮರುವರ್ಷವೇ, 1750ರಲ್ಲಿ, ಕಣ್ಣಿನ ಪೊರೆಯನ್ನು ಕುರಿತ ಪುಸ್ತಕವೊಂದನ್ನು ಆತ ಪ್ರಕಟಿಸಿದನು. ಇಪ್ಪತ್ತೊಂದು ವರ್ಷದ ಗ್ರಾಮಾಂತರ ವೈದ್ಯನಿಗೆ ಇದು ಸಣ್ಣ ಸಾಹಸವಲ್ಲ. ಕಣ್ಣಿನ ಪೊರೆಯೆಂಬುದು ಕಣ್ಣೊಳಗಿನ ಯಾವುದೋ ಪರದೆಯಲ್ಲ, ಸ್ಫಟಿಕದಂಥ ಮಸೂರವೇ ಮಬ್ಬಾಗುವುದು ಎಂದು ಫ್ರಾನ್ಸಿನ ವೈದ್ಯರು ತೋರಿಸಿ ಆಗಿನ್ನೂ ಅರ್ಧ ಶತಮಾನವೂ ಕಳೆದಿರಲಿಲ್ಲ. ಚಿಕಿತ್ಸೆ ಮಾತ್ರ ಹಳೆಯದೇ: ಕಣ್ಣುಗುಡ್ಡೆಯ ಬದಿಯಲ್ಲಿ ಸೂಜಿಯೊಂದನ್ನು ಚುಚ್ಚಿ, ಮಬ್ಬಾದ ಮಸೂರವನ್ನು ಬೆಳಕಿನ ದಾರಿಯಿಂದ ಕೆಳಕ್ಕೆ ಒತ್ತಿಬಿಡುವುದು. ನಮ್ಮ ಸುಶ್ರುತಸಂಹಿತೆಯಲ್ಲಿ ವರ್ಣಿತವಾಗಿರುವುದೂ ಇಂಥದೇ ಕ್ರಮ. ಆ ಗಳಿಗೆಯಲ್ಲಿ ರೋಗಿಗೆ ಬೆಳಕು ಕಾಣುತ್ತದೆ, ವೈದ್ಯನಿಗೆ ಕಾಣಿಕೆ ಸಲ್ಲುತ್ತದೆ. ಎಷ್ಟೋ ವೇಳೆ ಕೆಲವು ದಿನಗಳಲ್ಲಿ ಕಣ್ಣು ಕೆಂಪೇರಿ, ಕೀವುಕಟ್ಟಿ, ಇದ್ದ ಮಸಕು ದೃಷ್ಟಿಯೂ ಹೋಗುತ್ತಿತ್ತು. ಊರೂರು ತಿರುಗುವ ಕಣ್ಣುವೈದ್ಯರು ಅಷ್ಟರಲ್ಲಿ ಮುಂದಿನ ಊರು ಸೇರಿರುತ್ತಿದ್ದರು. ಓಹ್ಯಾಲರನ್ ಊರಿನಲ್ಲಿಯೇ ಉಳಿಯುವ ವೈದ್ಯ. ತಾನು ಮುಟ್ಟಿದ ಕಣ್ಣು ಆರು ತಿಂಗಳ ಮೇಲೆ ಹೇಗಿದೆಯೆಂಬುದನ್ನು ಸಂತೆಯಲ್ಲಿ, ಸೇತುವೆಯ ಮೇಲೆ, ಪೂಜಾಮಂದಿರದ ಮುಂದೆ ನೋಡಲೇಬೇಕಾದವನು. ಆತನ ವಿವೇಚನೆಗೆ ಅರ್ಧ ಪಾಲು ಕಾರಣ ಇದೇ ಇರಬೇಕೆಂದು ನನಗೆ ತೋರುತ್ತದೆ. ಫ್ರಾನ್ಸಿನ ಡಾವಿಯೆಲ್ ಎಂಬಾತನು ಮಸೂರವನ್ನು ಒತ್ತುವುದರ ಬದಲು ಕಣ್ಣನ್ನು ಕೊಯ್ದು ಹೊರಕ್ಕೇ ತೆಗೆಯುವ ಹೊಸ ಕ್ರಮವನ್ನು 1753ರಲ್ಲಿ ಪ್ರಚುರಪಡಿಸಿದಾಗ, ಎರಡೇ ವರ್ಷದೊಳಗೆ, 1755ರಲ್ಲಿ, ಲಿಮೆರಿಕ್ಕಿನಿಂದ ಅದರ ವಿಮರ್ಶೆಯೊಂದು ಪುಸ್ತಕರೂಪದಲ್ಲಿ ಹೊರಟಿತು.

ಆದರೆ ಆತನ ಕೈಯ ಗುಣ ಎದ್ದುಕಾಣುವುದು 1765ರ ಗ್ರಂಥದಲ್ಲಿ. ಅದು ಕೊಳೆತ ಅಂಗಗಳನ್ನು ಕುರಿತದ್ದು, ಅಂಗಚ್ಛೇದನದ ಹೊಸ ಕ್ರಮವೊಂದನ್ನು ಒಳಗೊಂಡದ್ದು. ಮತ್ತುಬರಿಸುವ ಈಥರ್ ಬಳಕೆಗೆ ಬರುವುದಕ್ಕೆ ಇನ್ನೂ ಎಂಬತ್ತು ವರ್ಷ, ಲಿಸ್ಟರನ ಕ್ರಿಮಿನಾಶಕ ವಿಧಾನಕ್ಕೆ ನೂರು ವರ್ಷ ಇದ್ದ ಆ ದಿನಗಳಲ್ಲಿ ಕಾಲು ಕತ್ತರಿಸುವುದೆಂದರೆ ಏನೆಂಬುದನ್ನು ಕೊಂಚ ಹತ್ತಿರ ನಿಂತು ನೋಡಬೇಕು. ನಾಲ್ವರು ಬಲಶಾಲಿಗಳು ರೋಗಿಯನ್ನು ಒತ್ತಿಹಿಡಿದಿರುವರು. ತೊಡೆಗೆ ಪಟ್ಟಿ ಬಿಗಿದು ತಿರುಪಿ ರಕ್ತವನ್ನು ತಡೆದಿರುವರು. ವೈದ್ಯನು ಬಾಗುಗತ್ತಿಯಿಂದ ಕಾಲಿನ ಸುತ್ತ ಬಳೆಯಂತೆ ಒಂದೇ ಸುತ್ತು ಎಳೆದು, ಮೂಳೆಗೆ ಗರಗಸ ಹಾಕಿ, ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸುವನು. ಕಷ್ಟ ಆಮೇಲೆ ಆರಂಭವಾಗುತ್ತಿತ್ತು. ಮಾಂಸ ಹಿಂದಕ್ಕೆ ಸರಿದು ಮೂಳೆಯ ತುದಿ ಮೊಂಡಾಗಿ ಹೊರಚಾಚುವುದು. ಹುಣ್ಣು ತಿಂಗಳಾನುಗಟ್ಟಲೆ ಮಾಯದಿರುವುದು. ಮಾಯ್ದರೂ ಮರದ ಕಾಲನ್ನು ಕಟ್ಟಿಕೊಂಡು ಭಾರ ಹಾಕುವಂತಿಲ್ಲದಿರುವುದು. ಇದನ್ನು ತಪ್ಪಿಸಲೆಂದು ಹಿಂದಿನ ಶತಮಾನದ ಕೊನೆಯಲ್ಲಿ ಆಂಸ್ಟರ್‌ಡ್ಯಾಮಿನ ವರ್ಡೈನ್ ಎಂಬವನು ಮೀನಖಂಡದ ಮಾಂಸವನ್ನು ಪೂರ್ತಿ ಕತ್ತರಿಸದೆ ಒಂದು ಹಾಳೆಯಂತೆ ಬಿಟ್ಟುಕೊಂಡು, ಅದನ್ನು ಕೂಡಲೇ ಮೂಳೆಯ ಮೇಲೆ ಮಡಿಸಿ ಕಟ್ಟುವ ಉಪಾಯವನ್ನು ಸೂಚಿಸಿದ್ದನು. ಯೋಚನೆ ಸೊಗಸಾದುದೇ, ಆದರೆ ಹಸಿಗಾಯವನ್ನು ಮುಚ್ಚಿದಾಗ ಒಸರುವ ರಕ್ತವೂ ಕೀವೂ ಒಳಗೇ ಸಿಕ್ಕಿಬಿದ್ದು ರೋಗಿಯನ್ನು ಮುಗಿಸುತ್ತಿದ್ದುವು.

ಓಹ್ಯಾಲರನ್ ಮಾಡಿದ ಮಾರ್ಪಾಡು ನೋಡುವುದಕ್ಕೆ ಏನೂ ಅಲ್ಲವೆನ್ನುವಷ್ಟು ಚಿಕ್ಕದು. ಮಾಂಸದ ಹಾಳೆಯನ್ನು ಆತನೂ ಬಿಟ್ಟುಕೊಳ್ಳುತ್ತಿದ್ದನು. ಕೂಡಲೇ ಮುಚ್ಚುತ್ತಿರಲಿಲ್ಲ, ಅಷ್ಟೆ. ಹಾಳೆಗೂ ಗಾಯದ ಮುಖಕ್ಕೂ ಬೇರೆಬೇರೆಯಾಗಿ ಪಟ್ಟಿ ಕಟ್ಟಿ, ಒಸರುವುದೆಲ್ಲ ಒಸರಿ ಹೋಗಲೆಂದು ಸುಮಾರು ಹನ್ನೆರಡು ದಿನ ಕಾದು, ಎರಡು ಮೈಗಳೂ ಕೆಂಪಾಗಿ ಶುದ್ಧವಾಗಿ ಮಾಂಸಾಂಕುರ ಕಾಣಿಸಿಕೊಂಡಮೇಲೆ ಒಂದಕ್ಕೊಂದನ್ನು ಹೊಂದಿಸಿ ಕಟ್ಟುತ್ತಿದ್ದನು. ರೋಗಾಣುವಿನ ಹೆಸರನ್ನೇ ಕೇಳಿರದ ಕಾಲದಲ್ಲಿ ಬರಿಯ ಕಣ್ಣಿನಿಂದಲೂ ತಾಳ್ಮೆಯಿಂದಲೂ ಕಂಡುಕೊಂಡ ಕ್ರಮವಿದು. ಒಂದೂವರೆ ಶತಮಾನ ಕಳೆದು, ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಕೆಸರು ಮೆತ್ತಿದ ಗಾಯಗಳನ್ನು ಕೂಡಲೇ ಹೊಲಿದುಹಾಕಿ ಸಾವಿರಾರು ಸಿಪಾಯಿಗಳನ್ನು ಕಳೆದುಕೊಂಡ ಸೇನಾವೈದ್ಯರು, ಗಾಯವನ್ನು ಕೆಲವು ದಿನ ತೆರೆದಿಟ್ಟು ಆಮೇಲೆ ಮುಚ್ಚುವ ನೀತಿಯನ್ನು ತಾವಾಗಿಯೇ ಕಲಿಯಬೇಕಾಯಿತು. ಅಷ್ಟು ಹೊತ್ತಿಗೆ ಲಿಮೆರಿಕ್ಕಿನ ವೈದ್ಯನ ಪುಸ್ತಕವನ್ನು ಯಾರೂ ತೆರೆಯುತ್ತಿರಲಿಲ್ಲ.

ಈ ನಡುವೆ, 1760ರ ಸುಮಾರಿನಲ್ಲಿ, ಊರಿನಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟಿ ನಿಲ್ಲಿಸುವ ಕಾರ್ಯಕ್ಕೂ ಆತ ಕೈಹಾಕಿದ್ದನು. ಸಂತ ಫ್ರಾನ್ಸಿಸನ ಹಳೆಯ ಮಠದ ಆವರಣದಲ್ಲಿ ಕೆಲವೇ ಹಾಸಿಗೆಗಳಿಂದ ಆರಂಭವಾದ ಆ ಧರ್ಮಾಸ್ಪತ್ರೆ ಮುಂದೆ ಲಿಮೆರಿಕ್ ಜಿಲ್ಲೆಯ ಆಸ್ಪತ್ರೆಯಾಗಿ ಬೆಳೆಯಿತು. ಆ ಕಾಲದ ಲಿಮೆರಿಕ್ಕಿನವರ ನೆನಪಿನಲ್ಲಿ ಉಳಿದ ಚಿತ್ರ ಹೀಗಿದೆ: ಎತ್ತರವಾದ ತೆಳುಮೈ, ಮೇಲೆ ಫ್ರೆಂಚ್ ಮಾದರಿಯ ಉಡುಪು, ತಲೆಗೆ ಪ್ಯಾರಿಸ್ಸಿನ ಕೃತಕಕೇಶ, ಅದರ ಮೇಲೆ ಮೂರು ಮೂಲೆಯ ಟೋಪಿ, ಕೈಯಲ್ಲಿ ಚಿನ್ನದ ಹಿಡಿಯ ಬೆತ್ತ. ಕ್ಷೌರಿಕರ ಸಂಘದ ಕೈಕೆಲಸದವನೆಂದು ಯಾರೂ ತನ್ನನ್ನು ಎಣಿಸದಿರಲಿ ಎಂಬ ಎಚ್ಚರ ಆ ವೇಷದಲ್ಲಿ ಇದ್ದಿದ್ದರೆ ಆಶ್ಚರ್ಯವಿಲ್ಲ.

ವೇಷದಲ್ಲಿದ್ದ ಆ ಎಚ್ಚರ ಲೇಖನಿಗೂ ಇಳಿಯಿತು. 1765ರ ಗ್ರಂಥದ ಜೊತೆಯಲ್ಲಿಯೇ, ಐರ್ಲೆಂಡಿನಲ್ಲಿ ಶಸ್ತ್ರವೈದ್ಯದ ಏಳಿಗೆಗಾಗಿ ಮಾಡತಕ್ಕ ಕಾರ್ಯಗಳನ್ನು ಕುರಿತ ಒಂದು ಸೂಚನಾಪತ್ರವನ್ನು ಆತ ಅಚ್ಚುಮಾಡಿಸಿದ್ದನು. ಸಾರಾಂಶವಿಷ್ಟು: ರಾಜಧಾನಿಯಲ್ಲಿ ಅಂಗರಚನೆಯನ್ನೂ ಶಸ್ತ್ರಕ್ರಿಯೆಯನ್ನೂ ಕ್ರಮವಾಗಿ ಕಲಿಸುವ ಒಂದು ವಿದ್ಯಾಲಯವಿರಬೇಕು, ಪರೀಕ್ಷೆಗೆ ಕುಳಿತು ತೇರ್ಗಡೆಯಾಗದವನು ಮನುಷ್ಯರ ಮೈಗೆ ಕತ್ತಿ ತಾಗಿಸಕೂಡದು. ಡಬ್ಲಿನ್ನಿನ ಶಸ್ತ್ರವೈದ್ಯರು ಇದನ್ನು ಜೀರ್ಣಿಸಿಕೊಳ್ಳುವುದಕ್ಕೆ ಹದಿನೈದು ವರ್ಷ ಹಿಡಿಯಿತು. 1780ರಲ್ಲಿ ಎಸೆಕ್ಸ್ ಬೀದಿಯ ‘ಆನೆ’ ಎಂಬ ಹೆಸರಿನ ಪಾನಗೃಹದಲ್ಲಿ ಕೂಡಿಕೊಂಡು ಅವರು ಒಂದು ಸಂಘವನ್ನು ಸ್ಥಾಪಿಸಿದರು. ಎಷ್ಟೋ ಘನವಾದ ಸಂಸ್ಥೆಗಳು ಹೀಗೆ ಹೆಂಡದಂಗಡಿಯ ಮೇಜಿನ ಸುತ್ತ ಹುಟ್ಟಿರುವುದನ್ನು ಕಂಡರೆ ಪಾನನಿರೋಧವಾದಿಗಳು ಕೂಡ ಒಂದು ಕ್ಷಣ ಯೋಚಿಸಬೇಕಾಗುತ್ತದೆ. 1784ರ ಫೆಬ್ರವರಿ 11ರಂದು ಮೂರನೆಯ ಜಾರ್ಜನ ರಾಜಶಾಸನದಿಂದ ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಅಸ್ತಿತ್ವಕ್ಕೆ ಬಂದಿತು. ಕ್ಷೌರಿಕರ ನಂಟು ಕಡಿಯಿತು. ಸ್ಯಾಮ್ಯುಯೆಲ್ ಕ್ರೋಕರ್ ಕಿಂಗ್ ಎಂಬವನು ಮೊದಲ ಅಧ್ಯಕ್ಷನಾದನು. ಪ್ರಾಂತದ ಊರಿನಲ್ಲಿ ಕುಳಿತು ಇದರ ನಕಾಶೆಯನ್ನು ಬರೆದುಕೊಟ್ಟಿದ್ದ ಓಹ್ಯಾಲರನ್ನನನ್ನು ಎರಡು ವರ್ಷದ ಮೇಲೆ, 1786ರಲ್ಲಿ, ಗೌರವಸದಸ್ಯನನ್ನಾಗಿ ಆರಿಸಿಕೊಂಡರು.

ಇನ್ನು ಆ ತಲೆಗಳ ವಿಚಾರ. ಹದಿನೆಂಟನೆಯ ಶತಮಾನದ ಶಸ್ತ್ರವೈದ್ಯನಿಗೆ ಟ್ರಿಫೈನ್ ಎಂಬ ಉಪಕರಣದ ಮೇಲೆ ಇದ್ದ ಮೋಹ ಇಂದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಅದೊಂದು ಉಕ್ಕಿನ ಕೊಳವೆ. ಅಂಚಿನ ಸುತ್ತ ಗರಗಸದ ಹಲ್ಲು, ನಡುವೆ ಜಾರದಂತೆ ನೆಡುವ ಒಂದು ಮೊಳೆ, ಮೇಲೆ ಅಡ್ಡಹಿಡಿ. ನೆತ್ತಿಯ ಚರ್ಮವನ್ನು ಕೊಯ್ದು ಸರಿಸಿ, ಬುರುಡೆಯ ಮೇಲೆ ಅದನ್ನು ಊರಿ, ಆ ಕಡೆಗೂ ಈ ಕಡೆಗೂ ತಿರುಗಿಸುತ್ತ ಹೋಗಬೇಕು. ಆಗಾಗ ನಿಲ್ಲಿಸಿ ಮೂಳೆಯ ಪುಡಿಯನ್ನು ಕುಂಚದಿಂದ ಗುಡಿಸಬೇಕು. ಹಕ್ಕಿಯ ಗರಿಯ ಕಡ್ಡಿಯನ್ನು ಕೊರೆದ ಗೆರೆಯೊಳಗೆ ಆಡಿಸಿ ಎಲ್ಲಿ ಆಳವಾಯಿತು, ಎಲ್ಲಿ ಮೂಳೆ ಇನ್ನೂ ಉಳಿದಿದೆ ಎಂದು ನೋಡಬೇಕು. ಒಂದು ಸುತ್ತು ಹೆಚ್ಚಾದರೆ ಮೂಳೆಯ ಕೆಳಗಿನ ಪೊರೆ ಹರಿಯುತ್ತದೆ, ಅದು ಹರಿದರೆ ಮಿಕ್ಕದ್ದನ್ನು ಹೇಳಬೇಕಾಗಿಲ್ಲ. ಬುರುಡೆಯೊಳಗೆ ರಕ್ತ ಕಟ್ಟಿ ಮಿದುಳನ್ನು ಅದುಮುತ್ತಿದ್ದರೆ ಈ ರಂಧ್ರವೇ ಪ್ರಾಣದ ಬಾಗಿಲು. ಅದುಮುತ್ತಿಲ್ಲದಿದ್ದರೆ? ಲಂಡನ್ನಿನ ಪ್ರಖ್ಯಾತನಾದ ಪರ್ಸಿವಲ್ ಪಾಟ್, ಮುಂದೆ ಕೇಡಾಗದಿರಲೆಂದು ಮುಂಚಿತವಾಗಿಯೇ ಕೊರೆಯುವುದು ಲೇಸೆಂಬ ಪಕ್ಷದವನಾಗಿದ್ದನು. ಪಾಟನ ಮಾತೆಂದರೆ ಆ ಕಾಲದ ವೈದ್ಯರಿಗೆ ಸ್ಮೃತಿವಾಕ್ಯ.

ಓಹ್ಯಾಲರನ್ನನ ಬಳಿ ಪಾಟನ ಕೀರ್ತಿ ಇರಲಿಲ್ಲ. ಮನ್‌ಸ್ಟರಿನ ಜಾತ್ರೆಗಳು ಇದ್ದುವು. ವರ್ಷವರ್ಷವೂ ಆತನ ಮುಂದೆ ಬಂದು ಮಲಗಿದ ತಲೆಗಳಲ್ಲಿ ಕೆಲವು ಕೊರೆಸಿಕೊಂಡು ಬದುಕಿದುವು, ಕೆಲವು ಕೊರೆಸಿಕೊಂಡು ಸತ್ತುವು. ಕೊರೆಸಿಕೊಳ್ಳದೆಯೇ ಎದ್ದು ಮನೆಗೆ ನಡೆದುಹೋದವೂ ಇದ್ದುವು. ಪೆಟ್ಟಿನಿಂದ ಮಿದುಳು ಅದುರಿ ಮನುಷ್ಯ ಪ್ರಜ್ಞೆತಪ್ಪುವುದು ಒಂದು ಬಗೆ, ಮೂಳೆಯ ಚೂರೋ ಹೆಪ್ಪುಗಟ್ಟಿದ ರಕ್ತವೋ ಮಿದುಳನ್ನು ಒತ್ತುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಟ್ರಿಫೈನಿನಿಂದ ಆಗತಕ್ಕ ಪ್ರಯೋಜನ ಏನೂ ಇಲ್ಲ ಎಂಬ ನಿರ್ಣಯಕ್ಕೆ ಆತ ಬಂದನು. ತಲೆಯ ಗಾಯಗಳಲ್ಲಿ ಈ ಶಸ್ತ್ರಕ್ರಿಯೆ ಅವಶ್ಯವಾಗಿ ಬೇಕಾದವು ಯಾವುವೆಂಬುದನ್ನು ನಿಖರವಾಗಿ ಗೊತ್ತುಮಾಡುವ ಪ್ರಯತ್ನ ಎಂಬರ್ಥದ ತಲೆಬರಹವನ್ನಿಟ್ಟು ರಾಯಲ್ ಐರಿಷ್ ಅಕಾಡೆಮಿಗೆ ಒಂದು ಪ್ರಬಂಧವನ್ನು ಒಪ್ಪಿಸಿದನು. ಅದೇ ವಿಸ್ತಾರಗೊಂಡು 1793ರ ಗ್ರಂಥವಾಯಿತು. ಕೈಯಲ್ಲಿ ಉಪಕರಣವಿರುವಾಗ, ಬಳಸಬಲ್ಲೆನೆಂಬ ಖ್ಯಾತಿಯೂ ಇರುವಾಗ, ಬಳಸಬಾರದ ಸಂದರ್ಭ ಯಾವುದೆಂದು ಒಂದು ಜೀವಮಾನವೆಲ್ಲ ಲೆಕ್ಕವಿಟ್ಟುಕೊಂಡು ಬಂದ ವೈದ್ಯನನ್ನು ಇಂದಿನ ದಿನವೂ ನಾವು ಅರಸಿಕೊಂಡೇ ಹೋಗಬೇಕಾಗುತ್ತದೆ.

ಇಷ್ಟು ಸಂಯಮದ ಮನುಷ್ಯನು ಚರಿತ್ರೆಯನ್ನು ಬರೆಯಲು ಕುಳಿತಾಗ ಆ ಸಂಯಮವನ್ನೆಲ್ಲ ಬೆತ್ತದ ಜೊತೆಗೆ ಬಾಗಿಲಲ್ಲಿಯೇ ಬಿಟ್ಟು ಬರುತ್ತಿದ್ದನೋ ಏನೋ! ಬಾಲ್ಯದಲ್ಲಿ ಕವಿಬಂಧು ಹಚ್ಚಿದ ರುಚಿ ಆತನನ್ನು ಬಿಡಲಿಲ್ಲ. ಸ್ಕಾಟ್ಲೆಂಡಿನ ಮ್ಯಾಕ್‌ಫರ್ಸನ್ ಎಂಬವನು ಆಸಿಯನ್ ಕವಿಯ ಕೃತಿಗಳೆಂದು ಹೇಳಿ ಗದ್ಯಕಾವ್ಯಗಳನ್ನು ಪ್ರಕಟಿಸಿ ಯುರೋಪನ್ನೆಲ್ಲ ಮರುಳುಗೊಳಿಸಿದಾಗ, ಆ ಕವಿಯೂ ಆ ವೀರರೂ ಐರ್ಲೆಂಡಿನವರೆಂದು 1763ರಲ್ಲಿ ಡಬ್ಲಿನ್ನಿನ ಪತ್ರಿಕೆಯೊಂದರಲ್ಲಿ ಬರೆದು ಎದುರುನಿಂತವರಲ್ಲಿ ಆತ ಒಬ್ಬ. ಅಲ್ಲಿಯವರೆಗೆ ಆತನ ಮಾತು ನ್ಯಾಯವಾದುದೇ. ಆದರೆ 1772ರಲ್ಲಿ ಪುರಾತನ ವಿಚಾರಗಳ ಗ್ರಂಥವೊಂದನ್ನೂ, 1778ರಲ್ಲಿ ಎರಡು ಸಂಪುಟಗಳ ಐರ್ಲೆಂಡಿನ ಇತಿಹಾಸವನ್ನೂ ಹೊರತಂದಾಗ, ಸ್ಪೇನಿನಿಂದ ಹಡಗೇರಿ ಬಂದ ಮೈಲೀಸಿಯನ್ ರಾಜರ ವಂಶಾವಳಿಯನ್ನೂ, ಕ್ರಿಸ್ತನಿಗೆ ನೂರಾರು ವರ್ಷ ಹಿಂದೆಯೇ ಐರ್ಲೆಂಡಿನಲ್ಲಿ ಮೆರೆದ ವೀರಯೋಧರ ಗಣಗಳನ್ನೂ ಹಳೆಯ ಓಲೆಗಳಲ್ಲಿ ಇದ್ದುದು ಇದ್ದಂತೆಯೇ ನಂಬಿ ಬರೆದನು. ಮಿದುಳಿನ ಮೇಲಿನ ಒಂದು ತೊಟ್ಟು ರಕ್ತಕ್ಕೆ ಪ್ರಮಾಣ ಕೇಳಿದವನು ಸಾವಿರ ವರ್ಷದ ರಾಜಾವಳಿಗೆ ಪ್ರಮಾಣ ಕೇಳಲಿಲ್ಲ. ಸೋತ ಜನ, ಅನಾಗರಿಕರೆಂದು ಗೆದ್ದವರಿಂದ ದಿನವೂ ಕರೆಸಿಕೊಳ್ಳುವ ಜನ, ತಮ್ಮ ಪೂರ್ವಕಾಲವನ್ನು ಚಿನ್ನದ ನೀರಿನಲ್ಲಿ ಅದ್ದಿ ತೆಗೆಯುವುದನ್ನು ನಾವು ಇತರ ದೇಶಗಳಲ್ಲಿಯೂ ಕಂಡಿದ್ದೇವೆ, ನಮ್ಮಲ್ಲಿಯೂ ಕಂಡಿದ್ದೇವೆ. ಅರ್ಥಮಾಡಿಕೊಳ್ಳಬಹುದು, ಚರಿತ್ರೆಯೆಂದು ಒಪ್ಪುವುದು ಕಷ್ಟ. 1789ರಲ್ಲಿ ಷಾರ್ಲಟ್ ಬ್ರೂಕ್ ಎಂಬ ವಿದುಷಿ ಐರಿಷ್ ಕವಿತೆಗಳನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದಾಗ ಆಕೆಗೆ ಆತ ನೀಡಿದ ನೆರವು ಮಾತ್ರ ನಿಸ್ಸಂದೇಹವಾಗಿ ಬೆಲೆಯುಳ್ಳದ್ದು.

ಸ್ವದೇಶದ ಗತವೈಭವವನ್ನು ಹೀಗೆ ಹೊಗಳಿದವನ ಮಗನು ಬ್ರಿಟಿಷರ ಖಡ್ಗವನ್ನು ಹಿಡಿದು ನಮ್ಮ ದೇಶಕ್ಕೆ ಬಂದನೆಂಬುದು ಕಾಲದ ವಿನೋದ. 1763ರಲ್ಲಿ ಹುಟ್ಟಿದ ಜೋಸೆಫ್ ಓಹ್ಯಾಲರನ್, ಹದಿನೆಂಟರ ಪ್ರಾಯದಲ್ಲಿ ಹಡಗೇರಿ ಹೊರಟು, ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ಸೇನೆಗೆ ಸೇರಿ, ಬುಂದೇಲಖಂಡದಲ್ಲಿಯೂ ನೇಪಾಳದ ಯುದ್ಧದಲ್ಲಿಯೂ ಕಾದಾಡಿ, ಐವತ್ತಮೂರು ವರ್ಷಗಳ ಸೇವೆಯ ಅನಂತರ 1834ರಲ್ಲಿ ಭಾರತವನ್ನು ಬಿಟ್ಟನು; ಮೇಜರ್ ಜನರಲ್ ಆದನು, ಸರ್ ಎನಿಸಿಕೊಂಡನು. ಬಂಗಾಳದ ಬರ್ಹಾಂಪುರದಲ್ಲಿ ಹುಟ್ಟಿದ ಮೊಮ್ಮಗ ದಕ್ಷಿಣ ಆಸ್ಟ್ರೇಲಿಯದ ಮೊದಮೊದಲ ಪೊಲೀಸ್ ಅಧಿಕಾರಿಗಳಲ್ಲಿ ಒಬ್ಬ. ಅಡಿಲೇಡ್ ನಗರದ ಹೊರವಲಯದ ಗುಡ್ಡವೊಂದಕ್ಕೆ ಇಂದಿಗೂ ಮನೆತನದ ಹೆಸರಿದೆ.

ಸಿಲ್ವೆಸ್ಟರನು 1807ರ ಆಗಸ್ಟ್ 11ರಂದು ಲಿಮೆರಿಕ್ಕಿನ ತನ್ನ ಮನೆಯಲ್ಲಿ ತೀರಿಕೊಂಡನು. ಕಿಲೀಲಿಯ ಶ್ಮಶಾನದಲ್ಲಿ ಹೂಳಿದರು. ಆತನ ವೈದ್ಯಗ್ರಂಥಗಳನ್ನು ಮುಂದಿನವರು ಓದುವುದನ್ನು ಬಿಟ್ಟರು; ಅವುಗಳಲ್ಲಿದ್ದ ವಿವೇಕ ಯಾರ ಹೆಸರೂ ಇಲ್ಲದೆ ವೃತ್ತಿಯೊಳಗೆ ಕರಗಿತು. ಪಂಡಿತರು ತಳ್ಳಿಹಾಕಿದ ಆ ಇತಿಹಾಸದ ಗತಿ ಬೇರೆಯಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಟ್ಯಾಂಡಿಷ್ ಓಗ್ರಾಡಿ ಎಂಬ ಯುವಕನು ಹಳ್ಳಿಯ ಮನೆಯೊಂದರಲ್ಲಿ ಅತಿಥಿಯಾಗಿದ್ದಾಗ, ಮಳೆ ಹಿಡಿದುಕೊಂಡು ಹೊರಗೆ ಕಾಲಿಡಲಾಗದೆ ಪುಸ್ತಕದ ಬೀರುವನ್ನು ತಡಕುತ್ತಿರಲು, ಓಹ್ಯಾಲರನ್ನನ ಸಂಪುಟಗಳು ಕೈಗೆ ಸಿಕ್ಕಿದುವು. ತನ್ನ ದೇಶಕ್ಕೆ ಇಂಥ ವೀರಕಥೆಗಳು ಇವೆಯೆಂದು ಆತನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಓದುತ್ತ ಓದುತ್ತ ಹುಚ್ಚುಹಿಡಿದಂತಾಗಿ ಆತನೂ ಅದೇ ಕಥೆಗಳನ್ನು ಹೊಸದಾಗಿ ಹೇಳಲು ತೊಡಗಿದನು. ಅದನ್ನು ಓದಿ ಬೆಳೆದವರು ಕವಿ ಯೇಟ್ಸನೂ ಅವನ ಜೊತೆಯವರೂ. ವೀರಯುಗವನ್ನು ಕುರಿತ ಓಗ್ರಾಡಿಯ ಇತಿಹಾಸದ ಮೊದಲ ಸಂಪುಟ ಹೊರಬಂದುದು 1878ರಲ್ಲಿ, ಲಿಮೆರಿಕ್ಕಿನ ಶಸ್ತ್ರವೈದ್ಯನ ಇತಿಹಾಸ ಅಚ್ಚಾದ ನೂರನೆಯ ವರ್ಷದಲ್ಲಿ.